ನಾಲ್ಕರ ಜಾಗದಲ್ಲಿ ಐದು

ನನ್ನ ಹೆಸರು ಯಾರಿಗೂ ನೆನಪಿರುವುದಿಲ್ಲ. ಇದನ್ನು ಇಷ್ಟು ಕಾಲ ಡೈರಿಗೂ ಹೇಳಿಕೊಂಡಿರಲಿಲ್ಲ. ದುಃಖ ಅಂದರೆ ದೊಡ್ಡ ಮಾತಾಯಿತು, ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಷ್ಟು ಅನ್ನಿ. ನಡೆಯಲು ಅಡ್ಡಿಯಿಲ್ಲ, ಆದರೆ ನಡೆಯುತ್ತಿದ್ದೇನೆ ಎಂಬುದನ್ನು ಮರೆಯಲೂ ಬಿಡುವುದಿಲ್ಲ.

ತಪ್ಪು ಜನರದಲ್ಲ. ನಮ್ಮೂರಿನಲ್ಲಿ ಗದ್ಯದಲ್ಲಿ ಆಡಿದ ಮಾತು ದೀಪ ಹಚ್ಚುವ ಹೊತ್ತಿಗೆ ಹೋಗಿಬಿಡುತ್ತದೆ. ನಡೆದದ್ದು ಇರುತ್ತದೆ, ಆಡಿದ್ದು ಇರುವುದಿಲ್ಲ. ಬೆಳಗ್ಗೆ ಅತ್ತೆ ಸೊಸೆ ಜಗಳವಾಡಿದ್ದು ಇಬ್ಬರಿಗೂ ಗೊತ್ತು, ಏನೆಂದು ಬೈದುಕೊಂಡರೆಂಬುದು ಗೊತ್ತಿಲ್ಲ. ಹಾಗಾಗಿ ಊಟದ ಹೊತ್ತಿಗೆ ಇಬ್ಬರೂ ಒಂದೇ ಹಪ್ಪಳ ಮುರಿದುಕೊಳ್ಳುತ್ತಾರೆ. ಉಳಿಯಬೇಕಾದ ಮಾತಿದ್ದರೆ ಮಾತ್ರ ಅದನ್ನು ಮೂರು ನಾಲ್ಕು ಮೂರು ನಾಲ್ಕು ಮಾತ್ರೆಗಳ ನಡಿಗೆಯಲ್ಲಿ, ಊರ ಪದ್ಯದ ನಡಿಗೆಯಲ್ಲಿ, ಕೂರಿಸಿ ಹೇಳಬೇಕು. ತರಕಾರಿ ಮಾರುವ ಹೊನ್ನಿ ಗಿರಾಕಿಗಳನ್ನು ಬೈಯುವುದು ಗದ್ಯದಲ್ಲಿ. ಕೊಟ್ಟ ಮಾತು ಮಾತ್ರ "ಮೂರು ಬದನೆಯ ನಾಳೆ ಕೊಡುವೆನು" ಎಂದು ಷಟ್ಪದಿಯಲ್ಲಿ. ವೈದ್ಯರು ಪಥ್ಯ ಹೇಳುವುದೂ ಹಾಗೆಯೇ: "ಹುಳಿಯ ಮುಟ್ಟದೆ ಇರಲಿ ನಾಲಗೆ." ಪಥ್ಯ ಮುರಿದವರು ಮಾರನೆಯ ದಿನ, "ಗದ್ಯದಲ್ಲಿ ಹೇಳಿದ್ರೇನೋ ಸ್ವಾಮಿ, ನೆನಪೇ ಇಲ್ಲ" ಎಂದು ಕಣ್ಣು ಬಿಡುತ್ತಾರೆ. ಗಂಡಸರು ಹೆಂಡತಿಯ ಅಡುಗೆಯನ್ನು ಹೊಗಳುವುದು ಸಾಮಾನ್ಯವಾಗಿ ಗದ್ಯದಲ್ಲೇ. ಹೆಂಡತಿಯರು ಸೌಟು ಹಿಡಿದು ನಿಂತು, "ಅದನ್ನೇ ಮಾತ್ರೆ ಕೂಡಿಸಿ ಹೇಳಿ ನೋಡೋಣ" ಅನ್ನುತ್ತಾರೆ. ಆಗ ಊಟ ಬಹಳ ಬೇಗ ಮುಗಿಯುತ್ತದೆ.

ಅದಕ್ಕೇ ನಮ್ಮಲ್ಲಿ ಮಗುವಿಗೆ ಮೂರೋ ನಾಲ್ಕೋ ಮಾತ್ರೆಯ ಹೆಸರಿಡುವುದು. ಹೊನ್ನಿ, ಸೂರಿ, ಶಾರದೆ, ಭೈರವ. ಹೆಸರನ್ನು ಎರಡು ಗಣಗಳ ನಡುವೆ ಒಡೆಯುವುದು ಅಶುಭ. ಮನುಷ್ಯನ ತಲೆಯನ್ನು ಒಂದು ಮನೆಯಲ್ಲಿ, ಕಾಲನ್ನು ಪಕ್ಕದ ಮನೆಯಲ್ಲಿ ಮಲಗಿಸಿದ ಹಾಗೆ. ನನ್ನ ಅಪ್ಪ ಹೊರ ಊರಿನವರು. ಅರ್ಥಕ್ಕೆ ಮರುಳಾಗಿ ನನಗೆ ಐದು ಮಾತ್ರೆಯ ಹೆಸರಿಟ್ಟರು. ಆ ಅರ್ಥವನ್ನು ಕೇಳಿದರೆ, ನನ್ನನ್ನು ಬಲ್ಲವರೆಲ್ಲ ನಗುತ್ತಾರೆ. ಅಪ್ಪ ಈಗ ಇಲ್ಲ. ಅಮ್ಮ ಅದನ್ನು ಅಕ್ಕಿ ಡಬ್ಬದ ಮೇಲೆ ಟಾರಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಬೆಳಗ್ಗೆ ಅಕ್ಕಿ ತೆಗೆಯುವಾಗ ಓದಿ, "ಓ, ಹೌದಲ್ಲ" ಎಂದು ಖುಷಿಪಡುತ್ತಾಳೆ. ಸಂಜೆಯಾದರೆ ಮತ್ತೆ ನಾನು ಪುಟ್ಟಿ. ಊರಿಗೆ ನಾನು ಕಟ್ಟೆಯ ಹುಡುಗಿ. ಕಾಲೇಜು ಓದಿದ ಪರ ಊರಿನಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರು ದಿನವೂ ಕೇಳಿಸುತ್ತಿತ್ತು. ಡಿಗ್ರಿ ಮುಗಿಸಿ ಬಂದ ಮೇಲೆ ಅದನ್ನು ನಾನೇ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಹೇಳಿ ಸಂಜೆಗೆ ಕಳೆದುಕೊಳ್ಳುವುದಕ್ಕಿಂತ ಹೇಳದೆ ಇಟ್ಟುಕೊಳ್ಳುವುದು ಮೇಲು ಎಂದು ನನ್ನ ಲೆಕ್ಕ.

ಕಟ್ಟೆ ಎಂದರೆ ಎಣ್ಣೆ ಅಂಗಡಿಯ ಎದುರಿನ ಕರಿಕಲ್ಲಿನ ಜಗಲಿ. ಅಲ್ಲಿ ಕೂತು ಸೀಮೆಸುಣ್ಣ ಹಿಡಿದು ಜನ ತಂದ ಪದ್ಯಗಳಿಗೆ ಪ್ರಸ್ತಾರ ಹಾಕುವುದು ನನ್ನ ಕೆಲಸ. ಒಂದು ಮಾತ್ರೆಯ ಲಘುವಿಗೆ ಬಟ್ಟಲಿನಂಥ ಗೆರೆ, ಎರಡು ಮಾತ್ರೆಯ ಗುರುವಿಗೆ ಅಡ್ಡ ಗೆರೆ. ಮಗಳನ್ನು ಕೊಡುವ ಮಾತು, ಹಸು ಮಾರುವ ಮಾತು, ಕ್ಷಮಾಪಣೆಯ ಮಾತು, ಎಲ್ಲವೂ ಇಲ್ಲಿ ತೂಕವಾಗಿಯೇ ಹೋಗಬೇಕು. ಕಟ್ಟೆಯವರು ತಪ್ಪು ತೋರಿಸಬಹುದು, ತಿದ್ದಬಾರದು. ಇನ್ನೊಬ್ಬರ ಬಾಯಿಯಿಂದ ಬಂದ ಮಾತನ್ನು ಊರು ಒಪ್ಪುವುದಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಉದ್ಯೋಗ ಇದು: ದಿನವಿಡೀ ಮಾತಿನ ನಡುವೆ ಕೂತಿರಬಹುದು, ಮಾತಾಡಬೇಕಾಗಿಲ್ಲ. ಬಾಯಿ ತಪ್ಪಿ ಏನಾದರೂ ಅಂದರೂ ದೀಪ ಹಚ್ಚುವ ಹೊತ್ತಿಗೆ ಅಳಿಸಿಹೋಗುತ್ತದೆ. ಅಳಿಸುವುದಕ್ಕೆ ಮೊದಲು ಡೈರಿಗೆ ಬರೆದುಕೊಳ್ಳುತ್ತೇನೆ. ಹಾಗಾಗಿ ಈ ಮಾತುಕತೆಗಳನ್ನು ನಿಮಗೆ ಹೇಳಲು ಸಾಧ್ಯವಾಗಿದೆ.

ಪಾತ್ರೆಗೆ ಕಲಾಯಿ ಹಾಕುವ ಭೈರವ ಕಟ್ಟೆಗೆ ಬರತೊಡಗಿದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಬೆರಳ ತುದಿಗಳೆಲ್ಲ ಕಪ್ಪು, ಮೈಯಲ್ಲಿ ನವಸಾಗರದ ಹೊಗೆಯ ವಾಸನೆ, ಕೈಯಲ್ಲಿ ಮಡಿಚಿದ ಕಾಗದ. ಅವನು ಬರೆದದ್ದು ಇಷ್ಟು: "ಹೊಳೆವ ತಟ್ಟೆಯ ಒಳಗೆ ಕಂಡೆನು." ಸರಿಯಾಗಿತ್ತು. ಅದರ ಕೆಳಗೆ: "ಸುಳಿವ," ಆಮೇಲೆ ಒಂದು ಬಟ್ಟಲು, ಒಂದು ಅಡ್ಡ ಗೆರೆ, ಮತ್ತೆರಡು ಬಟ್ಟಲು, ಅದರ ಮುಂದೆ "ನಿನ್ನ ಮುಖವನು." ಮದುವೆ ಕೇಳುವ ಪದ್ಯದಲ್ಲಿ ಹೆಣ್ಣಿನ ಹೆಸರು ಕಟ್ಟೆಗೂ ತಿಳಿಯದಿರಲೆಂದು ಅದನ್ನು ಹೀಗೆ ಬರೀ ಗೆರೆಗಳಲ್ಲಿ ಕಾಣಿಸುವುದು ಪದ್ಧತಿ. ಕಟ್ಟೆಯವರ ಬಾಯಿಗೆ ಊರು ಅಷ್ಟು ಮರ್ಯಾದೆ ಕೊಟ್ಟಿದೆ.

"ಎರಡನೇ ಸಾಲು ಕುಂಟುತ್ತೆ," ಅಂದೆ ನಾನು, ಕಾಗದವನ್ನೇ ನೋಡುತ್ತ. "ನಾಲ್ಕು ಮಾತ್ರೆ ಕೂರೋ ಜಾಗದಲ್ಲಿ ಐದು ಕೂತಿದೆ."

"ಸ್ವಲ್ಪ ಒತ್ತರಿಸ್ಕೊಂಡು ಕೂತ್ರೆ ಆಗಲ್ವೇನ್ರೀ? ಬಸ್ಸಲ್ಲಿ ಕೂರಲ್ವಾ ನಾವು?"

"ಆಗಲ್ಲ."

"ಮುಂದಿನ ಮನೆಗೆ ಒಂದು ಕಾಲು ಚಾಚಿದ್ರೆ?"

"ಹೆಸರು ಒಡೆದಂಗಾಗುತ್ತೆ."

"ಅಯ್ಯಪ್ಪ, ಒಡೆಯೋದು ಬೇಡ," ಎಂದು ಅವನು ಕಾಗದ ಮಡಿಚಿಕೊಂಡ. ಹೋಗುವಾಗ ತಿರುಗಿ, "ನಿಮ್ಮ ಹೆಸರು ಏನಂದ್ರಿ?" ಅಂದ.

"ಕಟ್ಟೆಯವಳು ಅನ್ನಿ, ಸಾಕು."

ಅವನು ಏನೋ ಹೇಳಲು ಹೊರಟು ತಲೆ ಕೆರೆದುಕೊಂಡು ಹೋದ. ಕೆರೆದ ಜಾಗದಲ್ಲಿ ಮಸಿ ಹತ್ತಿತ್ತು.

ಆ ಗೆರೆಗಳನ್ನು ನೋಡಿದ ಕೂಡಲೇ ನನಗೆ ಎದೆ ಧಸಕ್ಕೆಂದದ್ದು ನಿಜ. ಅದು ನನ್ನ ಹೆಸರಿನದೇ ಅಚ್ಚು. ಆದರೆ ನಾನು ವಿಚಾರವಂತೆ, ಪದವೀಧರೆ. ಪರ ಊರಿನಲ್ಲಿ ಅದೇ ಅಚ್ಚಿನ ಹೆಸರು ಎಷ್ಟಿಲ್ಲ? ಸರೋಜಿನಿ ಇದೆ. ವಿನೋದಿನಿ ಇದೆ. ಭೈರವ ಕಲಾಯಿ ಹಾಕಲು ಸುತ್ತಲ ಊರುಗಳಿಗೆಲ್ಲ ಹೋಗುತ್ತಾನೆ. ಯಾವುದೋ ಊರಿನ ಸರೋಜಿನಿ ತಾನು ತಂದ ತಟ್ಟೆಯಲ್ಲಿ ಬಗ್ಗಿ ಮುಖ ನೋಡಿಕೊಂಡಿದ್ದಾಳೆ, ಇವನೂ ನೋಡಿದ್ದಾನೆ. ಆ ಸಂಜೆ ಡೈರಿಯಲ್ಲಿ ಸರೋಜಿನಿಗೆ ಎರಡು ಜಡೆ ಹಾಕಿದೆ. ಮರುದಿನ ಕೆನ್ನೆಗುಳಿ ಕೊಟ್ಟೆ. ಅದರ ಮರುದಿನ ಅವಳು ಯಾರ ಎದುರಿಗೂ ತೊದಲದೆ ಮಾತಾಡುವವಳೆಂದು ಬರೆದು, ಸಿಟ್ಟು ಬಂದು, ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚು ಎಂದು ಸೇರಿಸಿದೆ.

ಭೈರವ ಬರುತ್ತಲೇ ಇದ್ದ. ಸಾಲು ಕುಂಟುತ್ತಲೇ ಇತ್ತು. ಒಂದು ಸಲ "ಸುಳಿವ" ತೆಗೆದು "ಎಳೆಯ" ಹಾಕಿಕೊಂಡು ಬಂದ, ಐದು ಐದಾಗಿಯೇ ಉಳಿಯಿತು. ಇನ್ನೊಂದು ಸಲ ಹೆಸರನ್ನೇ ಬಿಟ್ಟು "ಚೆಲುವೆ" ಎಂದು ಬರೆದು, ನಾನು ನೋಡುವ ಮೊದಲೇ ಹೊಡೆದುಹಾಕಿದ. "ಹೆಸರು ಬಿಟ್ರೆ ಯಾರಿಗಾದ್ರೂ ಹೇಳ್ಬಹುದು. ಅದು ಬ್ಯಾಡ," ಅಂದ. ಹೋಗುವಾಗ ಪ್ರತಿ ಸಲವೂ, "ನಿಮ್ಮ ಹೆಸರು ಏನಂದ್ರಿ?" ನಾನು ಪ್ರತಿ ಸಲವೂ, "ಕಟ್ಟೆಯವಳು." ಆ ಸಾಲು ಯಾವತ್ತೂ ಸರಿಹೋಗದಿರಲಿ ಎಂದು ನಾನು ಹರಸಿಕೊಳ್ಳುತ್ತಿದ್ದೆ. ಸರಿಹೋದ ದಿನ ಅವನು ಅದನ್ನು ಸರೋಜಿನಿಗೆ ಹೇಳುತ್ತಾನೆ, ಅವಳು ಮರೆಯುವುದಿಲ್ಲ, ಅವನು ಕಟ್ಟೆಗೆ ಬರುವುದಿಲ್ಲ.

ಹೊನ್ನಿಗೆ ಇದೆಲ್ಲ ತಮಾಷೆ. ಬುಟ್ಟಿ ಇಳಿಸಿಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. "ಏನ್ ಕಟ್ಟೆಯವ್ವ, ನಿನ್ ಗಿರಾಕಿ ಇವತ್ತು ಬಂದಿಲ್ಲ?"

"ಯಾವ ಗಿರಾಕಿ?"

"ಊರಲ್ಲಿರೋ ಪಾತ್ರೆಗೆಲ್ಲ ಕಲಾಯಿ ಆಗಿ ತಿಂಗಳಾಯ್ತು. ಆದ್ರೂ ಊರು ಬಿಟ್ಟು ಹೋಗ್ತಾ ಇಲ್ಲ ಆವಯ್ಯ. ನಮ್ಮನೆ ಗಿಂಡಿಗೆ ಮೂರ್ ಸಲ ಹಾಕವ್ನೆ. ಅದು ಹಿತ್ತಾಳೇದೋ ಬೆಳ್ಳೀದೋ ಅಂತ ನಮ್ಮತ್ತೆಗೇ ಗೊತ್ತಾಗ್ತಿಲ್ಲ."

"ಅವರಿಗೆ ಸರೋಜಿನಿ ಇದ್ದಾಳೆ."

"ಯಾವಳವ್ವ ಅವಳು?" ಎಂದು ಹೊನ್ನಿ ಬಾಯಿ ತೆರೆದಳು. ನಾನು ಮುಂದೆ ಹೇಳಲಿಲ್ಲ. ಗದ್ಯದಲ್ಲಿ ಕೇಳಿದ್ದರಿಂದ ಸಂಜೆಗೆ ಅವಳೂ ಮರೆತಳು.

ಹೀಗಿರುವಾಗ ಸೂರಿ ಮೇಷ್ಟ್ರು ನನ್ನನ್ನು ಕರೆಸಿದರು. ಕಟ್ಟೆಯ ಕೆಲಸ ನನಗೆ ಕಲಿಸಿದವರು ಅವರೇ. ವರ್ಷಕ್ಕೊಮ್ಮೆ ಊರ ಪದ್ಯವನ್ನು ಎಲ್ಲರ ಎದುರು ಬಿಡಿಸುವ ಪದ್ಧತಿ ನಮ್ಮಲ್ಲಿದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವುತ್ತೇವಲ್ಲ, ಹಾಗೆ. ಛಂದಸ್ಸು ಇದು, ಪ್ರಾಸ ಇದು, ಎಲ್ಲ ಸರಿಯಾಗಿದೆ ಎಂದು ತೋರಿಸುವುದು, ಆಮೇಲೆ ಎಲ್ಲರೂ ಅವಲಕ್ಕಿ ತಿನ್ನುವುದು. ಈವರೆಗೂ ಮೇಷ್ಟ್ರೇ ಮಾಡುತ್ತಿದ್ದರು. "ಮಂಡಿ ಬಗ್ಗೋದಿಲ್ಲ ಮಗೂ, ಈ ಸಲ ನೀನು ಬಿಡಿಸು," ಅಂದರು. ಜನರ ಎದುರು ನಿಲ್ಲಬೇಕೆಂದು ನನಗೆ ಆಗಲೇ ಬೆವರು. ಆದರೆ ಮೇಷ್ಟ್ರಿಗೆ ಇಲ್ಲ ಅನ್ನುವುದಕ್ಕೂ ಬಾಯಿ ಬೇಕಲ್ಲ.

ಪದ್ಯ ಯಾರು ಬರೆದದ್ದೋ ಯಾರಿಗೂ ಗೊತ್ತಿಲ್ಲ. ದೀಪ ಹಚ್ಚುವಾಗ ಮನೆಮನೆಯಲ್ಲೂ ಹೇಳುತ್ತೇವೆ. ಅದನ್ನು ಅಷ್ಟು ಸಲ ಹೇಳಿದ್ದೆ, ಒಂದು ಸಲವೂ ನೋಡಿರಲಿಲ್ಲ. ಮಧ್ಯಾಹ್ನ ಹಿತ್ತಿಲ ಕಲ್ಲಿನ ಮೇಲೆ ಬರೆದು ನೋಡಿದೆ:

ಬೀಗವಿಲ್ಲದ ಮನೆಯ ಬಾಗಿಲ
ತೂಗುದೀಪದ ಕೆಳಗೆ ಕುಳಿತಿಹೆ
ಕೂಗಿ ಕರೆದರೆ ಕೇಳದಷ್ಟಿದೆ ನಡುವೆ ಹೊಳೆಯಗಲ
ಹೋಗಿ ಬರುವೆನು ಎಂದ ಮಾತಿಗೆ
ರಾಗ ಹಾಕುತ ಸಂಜೆ ಕಳೆದಿಹೆ
ಬೇಗ ಬರುವುದು ಬೇಡ ನೀಲವ್ವ ಬಂದರಾಯಿತು ನೀ

ಪ್ರತಿ ಸಾಲಿನ ಎರಡನೆಯ ಅಕ್ಷರ ಗಕಾರ: ಬೀಗ, ತೂಗು, ಕೂಗಿ, ಹೋಗಿ, ರಾಗ, ಬೇಗ. ಆರು ಎತ್ತುಗಳ ಕೊರಳಿಗೆ ಒಂದೇ ದನಿಯ ಗಂಟೆ. ಮೂರು ಮಾತ್ರೆಯ ಗಣ ಆತುರದಲ್ಲಿ ಬಾಗಿಲವರೆಗೆ ಹೋಗುತ್ತದೆ, ನಾಲ್ಕರ ಗಣ ಯಾರೂ ಇಲ್ಲವೆಂದು ನೋಡಿ ನಿಧಾನವಾಗಿ ಹಿಂತಿರುಗುತ್ತದೆ. ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು. ಹೊಳೆಯ ಅಗಲ ಎಂದು ಬಂದ ಕಡೆ ಸಾಲೂ ಅಗಲವಾಗಿದೆ. ಬರೆದವರು ಯಾರೋ, ಕಾಯುವುದನ್ನು ಚೆನ್ನಾಗಿ ಬಲ್ಲವರು. ಖುಷಿಯಲ್ಲಿ ಕೊನೆಯ ಸಾಲಿಗೆ ಗೆರೆ ಹಾಕುತ್ತ ಹೋದೆ. ಬೇಗ, ಮೂರು. ಬರುವುದು, ನಾಲ್ಕು. ಬೇಡ, ಮೂರು. ನೀಲವ್ವ: ನೀ ಎರಡು, ಒತ್ತಕ್ಷರದ ಹಿಂದಿರುವ ಲ ಎರಡು, ವ್ವ ಒಂದು.

ಐದು.

ಒರೆಸಿ ಮತ್ತೆ ಹಾಕಿದೆ. ಐದೇ. ನಾವು ಹೇಳುವಾಗ "ನೀಲವ" ಎಂದು ಒತ್ತನ್ನು ನುಂಗಿಬಿಡುತ್ತೇವೆ. ಅಮ್ಮನೂ ಅಷ್ಟೇ, ಮೇಷ್ಟ್ರೂ ಅಷ್ಟೇ, ತೊಟ್ಟಿಲಿನಿಂದ ಕಲಿತ ನುಂಗುವಿಕೆ. ಬರೆಯುವಾಗ ಮಾತ್ರ ಪೂರ್ತಿ ಬರೆಯುತ್ತೇವೆ. ನಡಿಗೆ ತಪ್ಪಿದ ಮಾತು ಸಂಜೆಗೆ ಅಳಿಯುವ ಊರಿನಲ್ಲಿ ನಡಿಗೆ ತಪ್ಪಿದ ಹೆಸರೊಂದು ಮುತ್ತಜ್ಜಿಯರ ಕಾಲದಿಂದ ಕುಂಟಿಕೊಂಡೇ ಬಂದಿತ್ತು.

ಮೇಷ್ಟ್ರ ಮನೆಗೆ ಓಡಿದೆ. ಅವರು ಬೆರಳು ಮಡಿಚಿ, ತುಟಿ ಆಡಿಸಿ, ಎರಡು ಸಲ ಎಣಿಸಿದರು. ಮುಖ ಸಣ್ಣದಾಯಿತು. ಆಮೇಲೆ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಗತೊಡಗಿದರು.

"ಮಗೂ, ಇದನ್ನ ನಾನು ವರ್ಷಾ ವರ್ಷಾ ಕಂಡುಹಿಡೀತಿದ್ದೆ ಅಂತ ಕಾಣುತ್ತೆ!"

"ಅದು ಹೇಗೆ ಮೇಷ್ಟ್ರೇ?"

"ಪದ್ಯ ಬಿಡಿಸೋ ದಿನ ಬೆಳಗ್ಗೆ ಪ್ರತಿ ಸಲ ಏನೋ ಗಾಬರಿ ಆಗಿದ್ದು ನೆನಪಿದೆ. ಸಂಜೆ ಅವಲಕ್ಕಿ ತಿಂದು ಹಾಯಾಗಿ ಮಲಗಿದ್ದೂ ನೆನಪಿದೆ. ನಡುವೆ ಏನೋ ಹೇಳಿರ್ತೀನಲ್ಲ, ಗದ್ಯದಲ್ಲಿ ಹೇಳಿರ್ತೀನಿ!" ಕಣ್ಣು ಒರೆಸಿಕೊಂಡರು. "ನೀನೂ ಹಾಗೇ ಮಾಡು. ಹೇಳಿಬಿಡು. ದೀಪ ಹಚ್ಚಿದ ಮೇಲೆ ಎಲ್ಲರಿಗೂ ಕ್ಷೇಮ."

"ಹಾಗಾದ್ರೆ ನೀಲವ್ವ ಇಷ್ಟು ಕಾಲ ಹೇಗೆ ಉಳಿದಳು ಮೇಷ್ಟ್ರೇ?"

ಅವರು ನಗು ನಿಲ್ಲಿಸಿದರು. "ಅದನ್ನ ಕೇಳಿದ್ದು ಮಾತ್ರ ನೀನೇ ಮೊದಲು ಇರಬೇಕು," ಅಂದರು. "ಇಲ್ಲದಿದ್ದರೆ ನಾನೂ ಕೇಳಿ ಮರೆತಿದ್ದೇನೋ, ಏನೋ."

ಪದ್ಯ ಬಿಡಿಸುವ ದಿನ ಹೊತ್ತು ಇಳಿಯುವ ಮುಂಚೆ ಕಟ್ಟೆಯ ಸುತ್ತ ಊರು ಸೇರಿತು. ಅಮ್ಮ ಮುಂದೆಯೇ ಕೂತಿದ್ದಳು, ಹೊನ್ನಿ ಅವಲಕ್ಕಿಯ ಪರಾತದ ಪಕ್ಕ, ಮೇಷ್ಟ್ರು ಕುರ್ಚಿಯಲ್ಲಿ. ಭೈರವ ಎಣ್ಣೆ ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದ. ಅಂದು ಕೈ ತೊಳೆದುಕೊಂಡು ಬಂದಿದ್ದ. ನಾನು ಕಲ್ಲಿಗೆ ಮುಖ ಮಾಡಿಕೊಂಡೇ ಪ್ರಾಸ ಹೇಳಿದೆ, ಗಣ ಹೇಳಿದೆ. "ಸ್ವಲ್ಪ ಜೋರಾಗಿ! ಕಲ್ಲಿಗೆ ಮಾತ್ರ ಕೇಳಿಸ್ತಿದೆ!" ಎಂದು ಯಾರೋ ಕೂಗಿದರು. ಹೊಳೆಯ ಸಾಲು ಹೊಳೆಯಷ್ಟೇ ಅಗಲ ಎಂದಾಗ ಮುದುಕರು "ಹೌದಲ್ವೇ" ಅಂದುಕೊಂಡರು. ಕೊನೆಯ ಸಾಲಿಗೆ ಬಂದು ನಿಂತೆ. ಹೇಳಿದರೆ ಮರೆಯುತ್ತಾರೆ. ಆದರೆ ನಡೆದದ್ದನ್ನು ಮರೆಯುವುದಿಲ್ಲವಲ್ಲ.

"ಎಲ್ಲರೂ ಕೈತಟ್ಟಿ ಹೇಳಿ," ಅಂದೆ. "ಆದರೆ ಏನನ್ನೂ ನುಂಗಬೇಡಿ. ಬರೆದಂತೆಯೇ ಹೇಳಿ."

ಹೇಳಿದರು. ಮೂರು, ನಾಲ್ಕು, ಮೂರು, ನಾಲ್ಕು, ಊರಿಗೆ ಊರೇ ಚಪ್ಪಾಳೆ. ಕೊನೆಯ ಸಾಲಿನಲ್ಲಿ "ಬೇಡ" ಆಯಿತು, "ನೀಲವ್ವ" ಬಂತು. ಚಪ್ಪಾಳೆ ಹೊಡೆಯಬೇಕಾದ ಕೈಗಳೆಲ್ಲ ಗಾಳಿಯಲ್ಲಿ ನಿಂತವು. ಅಷ್ಟು ಕೈಗಳು, ಒಂದಕ್ಕೂ ಇಳಿಯುವ ಜಾಗ ಸಿಗಲಿಲ್ಲ.

ಕೊನೆಗೆ ಒಬ್ಬ ಮುದುಕ ತನ್ನ ಕೈಯನ್ನೇ ಅನುಮಾನದಿಂದ ನೋಡುತ್ತ, "ಹಂಗಾದ್ರೆ ಈ ಸಾಲು ನಮ್ಗೆ ನೆನಪಿರಬಾರದಿತ್ತಲ್ಲ?" ಅಂದ.

"ನಡಿಗೆ ತಪ್ಪಿದ್ರೆ ತಪ್ಲಿ," ಅಂದಳು ಹೊನ್ನಿ. "ಬಾಗ್ಲು ತೆಗ್ದು ಕೂತೋರು ನೀಲವ್ವನ್ನ ಮರೀತಾರಾ?"

ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಕ್ಕಿ ಡಬ್ಬ ನೆನಪಾಯಿತೇನೋ.

ಆಗ ಕಂಬದ ಕಡೆಯಿಂದ ದನಿ ಬಂತು. "ಹಂಗಾದ್ರೆ ನಂದೂ ನಡೀತದಾ?" ಭೈರವ ಕಾಗದ ಬಿಚ್ಚಿಕೊಂಡು ಮುಂದೆ ಬಂದ. "ಐದರ ಹೆಸರು, ನಾಲ್ಕರ ಜಾಗ. ಇಷ್ಟು ದಿನ ಕುಂಟುತ್ತೆ, ಕುಂಟುತ್ತೆ ಅಂತ ವಾಪಸ್ ಕಳಿಸಿದ್ರಿ."

ಸರೋಜಿನಿಯ ಎರಡೂ ಜಡೆಗಳು ಕಣ್ಣ ಮುಂದೆ ಬಂದವು. ಆದರೂ ಕಟ್ಟೆಯವಳು ಸುಳ್ಳು ಹೇಳುವಂತಿಲ್ಲ. "ನಡೆಯುತ್ತೆ," ಅಂದೆ. "ಹೋಗಿ ಹೇಳಿ ಅವರಿಗೆ. ಹೆಸರು ಪೂರ್ತಿ ಹೇಳಿ."

"ಹೆಸರು ಗೊತ್ತಿದ್ರೆ ಹೇಳ್ತಿರ್ಲಿಲ್ವಾ?" ಅಂದ ಅವನು.

ಊರು ಗೊಳ್ಳೆಂದಿತು. "ಹೆಸರು ಗೊತ್ತಿಲ್ದೆ ಮದ್ವೆ ಕೇಳಕ್ಕೆ ಹೊಂಟವ್ನೆ ನೋಡ್ರಪ್ಪಾ!"

"ಗೊತ್ತಿತ್ತು ಕಣ್ರೀ, ಒಂದು ಮಧ್ಯಾಹ್ನ ಗೊತ್ತಿತ್ತು," ಎಂದು ಭೈರವ ಬಿಸಿಯಾದ. "ಪಾತ್ರೆ ಈಸ್ಕೊಳ್ಳಕ್ಕೆ ಅವ್ರ ಮನೆಗೆ ಹೋಗಿದ್ದೆ. ಅಕ್ಕಿ ಡಬ್ಬದ ಮೇಲೆ ಬರೆದಿತ್ತು. ಸಂಜೆಗೆ ಹೊರಟೋಗುತ್ತೆ, ಮದ್ವೆ ಕೇಳೋ ಮುಂಚೆ ಹೆಸರು ಬರೆಯಂಗೂ ಇಲ್ಲ ಅಂತ ಅದರ ಗೆರೆ ಮಾತ್ರ ಅಂಗೈ ಮೇಲೆ ಹಾಕ್ಕೊಂಡೆ. ಹೆಸರು ಹೋಯ್ತು, ಅಚ್ಚು ಉಳೀತು. ಆಮೇಲೆ ದಿನಾ ಕೇಳ್ತೀನಿ, ದಿನಾ 'ಕಟ್ಟೆಯವಳು' ಅಂತಾರೆ, ಎಲ್ಲಾ ಈ ಕಾಗದದ ಹಿಂದೆ ಬರ್ಕೊಂಡಿದೀನಿ. ಕಟ್ಟೆಯವಳು ಅಂದ್ರೆ ಆರು ಮಾತ್ರೆ ಆಗ್ತದೆ, ಎಣಿಸಿ ನೋಡಿದೀನಿ!"

ಊರಿನಲ್ಲಿ ಅಕ್ಕಿ ಡಬ್ಬದ ಮೇಲೆ ಹೆಸರು ಬರೆದಿಟ್ಟಿರುವ ಮನೆ ಒಂದೇ. ಹೊನ್ನಿ ಪರಾತ ಬಿಟ್ಟು ಎದ್ದು ನಿಂತಳು. ಅಷ್ಟೂ ಮುಖಗಳು ಕಂಬದಿಂದ ಕಟ್ಟೆಯತ್ತ ತಿರುಗಿದವು. ಎರಡು ಜಡೆಯ ಆ ಪಾಪದ ಸರೋಜಿನಿ, ಕೆನ್ನೆಗುಳಿಯ ಸಮೇತ, ಉಪ್ಪು ಹೆಚ್ಚಾದ ಸಾರಿನ ಸಮೇತ, ಅಲ್ಲೇ ಇಲ್ಲವಾದಳು.

ಎಣ್ಣೆ ಅಂಗಡಿಯವನು ದೀಪಕ್ಕೆ ಬತ್ತಿ ಹಾಕತೊಡಗಿದ್ದ. ಅಮ್ಮ ಬೆಳಗ್ಗೆ ಓದಿಕೊಂಡಿದ್ದಳಲ್ಲ, ಉತ್ಸಾಹದಲ್ಲಿ ಕೈ ಎತ್ತಿ, "ನಾನು ಹೇಳ್ತೀನಿ, ನಂಗೆ ಗೊತ್ತು, ಇವಳ ಹೆಸರು..." ಎಂದು ಶುರು ಮಾಡಿದಳು.

"ಬೇಡಮ್ಮ," ಅಂದೆ.

ಸೀಮೆಸುಣ್ಣ ಕೆಳಗಿಟ್ಟೆ. ಪದ್ಯ ಕಟ್ಟಲು ನನಗೆ ಬರುವುದಿಲ್ಲ, ಹೊತ್ತೂ ಇರಲಿಲ್ಲ. ಕಲ್ಲಿನಿಂದ ತಿರುಗಿ ಭೈರವನ ಮುಖವನ್ನೇ ನೋಡಿದೆ. ಮಾತ್ರೆ ಎಣಿಸದೆ, ಏನನ್ನೂ ನುಂಗದೆ, ಹಿಂದಿನ ಸಾಲಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ನನ್ನ ಹೆಸರು ಸುಭಾಷಿಣಿ."